ಪದಕದ ಸಾಕ್ಷ್ಯ

ಒಂದು ಹಳೆಯ ಪದಕವನ್ನು ಕೈಯಲ್ಲಿ ಹಿಡಿದು ನೋಡುವವರು ಮೂರು ತೆರನಾದ ಪ್ರಶ್ನೆಗಳನ್ನು ಕೇಳುವುದುಂಟು. ಅಕ್ಕಸಾಲಿಯು ‘ಇದರಲ್ಲಿ ಬೆಳ್ಳಿಯೆಷ್ಟು?’ ಎಂದು ಕೇಳುತ್ತಾನೆ. ಪ್ರಾಚೀನವಸ್ತುಗಳ ಪರೀಕ್ಷಕನು ‘ಇದು ಸರಕಾರದ ಟಂಕಸಾಲೆಯಲ್ಲಿ ಹುಟ್ಟಿದುದೋ, ಹೊರಗೆ ಹುಟ್ಟಿದುದೋ?’ ಎಂದು ಕೇಳುತ್ತಾನೆ. ಅದನ್ನು ಪಡೆದವನ ಸಂತತಿಯವನು ‘ಇದು ನಮ್ಮ ಮನೆತನಕ್ಕೆ ಗೌರವವೋ ಅಲ್ಲವೋ?’ ಎಂದು ಕೇಳುತ್ತಾನೆ. ಮೊದಲನೆಯ ಪ್ರಶ್ನೆಗೆ ತಕ್ಕಡಿಯು ಉತ್ತರ ಹೇಳುತ್ತದೆ. ಎರಡನೆಯದಕ್ಕೆ ಅಚ್ಚು, ಅಂಚು, ಪಟ್ಟಿ, ಕಡತಗಳು ಉತ್ತರ ಹೇಳುತ್ತವೆ. ಮೂರನೆಯದಕ್ಕೆ ಉತ್ತರ ಹೇಳತಕ್ಕವರು ಯಾರು? ‘ಸರಕಾರವೇ ಕೊಟ್ಟುದೆಂದು ಸಿದ್ಧವಾಯಿತಷ್ಟೆ, ಇನ್ನು ಗೌರವಕ್ಕೇನು ಕೊರತೆ?’ ಎಂದು ಎರಡನೆಯ ಪ್ರಶ್ನೆಯ ಉತ್ತರವನ್ನೇ ಮೂರನೆಯದಕ್ಕೂ ಸಲ್ಲಿಸಿಬಿಡುವುದು ಲೋಕದ ವಾಡಿಕೆ. ಈ ವಾಡಿಕೆಯು ಸಾಧುವೇ ಎಂದು ವಿಚಾರಿಸುವುದು ಈ ಲೇಖನದ ಉದ್ದೇಶ. ವಿಚಾರಕ್ಕೆ ಬೇಕಾದ ದೃಷ್ಟಾಂತವನ್ನು ಅರಸಿಕೊಂಡು ನಾವು ದೂರ ಹೋಗಬೇಕಾದುದಿಲ್ಲ. ಅದು ನಮ್ಮ ನೇತ್ರಾವತಿಯ ದಡದಲ್ಲಿಯೇ ಇದೆ.

ನಮ್ಮ ನಾಡಿಗೆ ಪದಕವೆಂಬ ವಸ್ತು ಹೊಸತಾದರೂ ಗೌರವಚಿಹ್ನೆಯು ಹೊಸತಲ್ಲ. ಹಣೆಗೆ ಕಟ್ಟುತ್ತಿದ್ದ ವೀರಪಟ್ಟ, ಕಾಲಿಗೆ ತೊಡಿಸುತ್ತಿದ್ದ ಗಂಡಪೆಂಡಾರ, ಮಡಿದವನ ನೆನಪಿಗೆ ನಿಲ್ಲಿಸುತ್ತಿದ್ದ ವೀರಗಲ್ಲು, ಇವೆಲ್ಲವೂ ಆ ಜಾತಿಯವೇ. ಆದರೆ ಒಂದು ಭೇದವುಂಟು. ಕಳ್ಳರು ಹೊಡೆದುಕೊಂಡು ಹೋದ ತುರುಗಳನ್ನು ಬಿಡಿಸಿ ತರಹೋಗಿ ಮಡಿದವನ ವೀರಗಲ್ಲು ಅವನ ಊರಿನ ಬಳಿಯಲ್ಲಿಯೇ ನಿಲ್ಲುತ್ತಿತ್ತು. ಆ ತುರುಗಳ ಹಾಲನ್ನು ಕುಡಿದವರೇ ಅದರ ಮುಂದೆ ಹಾದುಹೋಗುತ್ತಿದ್ದರು. ಹೀಗೆ ಆ ಕಲ್ಲಿಗೆ ಉಪಕಾರ ಹೊಂದಿದವರ ಸಾಕ್ಷ್ಯವಿತ್ತು. ಪದಕವಾದರೋ ದೂರದ ಟಂಕಸಾಲೆಯಲ್ಲಿ ಹುಟ್ಟಿ, ಆ ಕಾರ್ಯವನ್ನು ಕಾಣದವರ ನಡುವೆ ಧರಿಸಲ್ಪಡುತ್ತದೆ. ಕಾಣದವರಿಗೆ ತಿಳಿಯಲೆಂದೇ ಅದರ ಮೇಲೆ ಅಕ್ಷರಗಳನ್ನು ಒತ್ತುತ್ತಾರೆ. ಅಕ್ಷರವನ್ನು ಓದಲಾಗದಷ್ಟು ದೂರದಲ್ಲಿರುವವರಿಗೂ ತಿಳಿಯಲೆಂದು ಬಣ್ಣದ ಪಟ್ಟಿಯನ್ನು ಕಟ್ಟುತ್ತಾರೆ. ಆದುದರಿಂದ ಪದಕವೆಂಬುದು ಒಂದು ವಾಕ್ಯ. ವಾಕ್ಯವೆಂದಮೇಲೆ ಅದನ್ನು ನುಡಿದವನು ಯಾರು, ಅವನ ಮಾತು ಎಷ್ಟರಮಟ್ಟಿಗೆ ನಂಬತಕ್ಕದ್ದು ಎಂಬ ವಿಚಾರವು ಅನಿವಾರ್ಯವಾಗಿ ಬರುತ್ತದೆ.

ಈಗ ದೃಷ್ಟಾಂತಕ್ಕೆ ಬರೋಣ. ೧೮೩೪ರಲ್ಲಿ ಇಂಗ್ಲಿಷರ ಕಂಪನಿಯು ಕೊಡಗಿನ ಅರಸನಾದ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಆ ರಾಜ್ಯವನ್ನು ತನ್ನ ಆಡಳಿತಕ್ಕೆ ಸೇರಿಸಿಕೊಂಡಿತು. ಅದುವರೆಗೆ ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಭಾಗಗಳು ಕನ್ನಡ ಜಿಲ್ಲೆಯ ಪಾಲಾದುವು. ಹಿಂದೆ ಧಾನ್ಯರೂಪದಲ್ಲಿ ಕಂದಾಯವನ್ನು ತೆರುತ್ತಿದ್ದ ರೈತನು ಇನ್ನು ನಗದಾಗಿ ತೆರಬೇಕಾಯಿತು. ಬೆಳೆದ ಅಕ್ಕಿಯನ್ನು ಅಗ್ಗಕ್ಕೆ ಮಾರಿ ಹಣವನ್ನು ಹೊಂದಿಸಬೇಕಾದವನ ಸಂಕಟವನ್ನು ನಮ್ಮ ಓದುಗರಿಗೆ ವಿವರಿಸಬೇಕಾದುದಿಲ್ಲ. ೧೮೩೭ರ ಮಾರ್ಚಿಯ ಕೊನೆಯಲ್ಲಿ ಸುಳ್ಯದ ಕಡೆಯಲ್ಲಿ ಜನರು ದಂಡುಗೂಡಿದರು. ಕೆದಂಬಾಡಿ ರಾಮಯ್ಯ ಗೌಡ, ಗುಡ್ಡೆಮನೆ ಅಪ್ಪಯ್ಯ ಗೌಡ ಮೊದಲಾದವರು ಮುಂದಾಳುಗಳಾದರು. ಬೆಳ್ಳಾರೆ, ಪುತ್ತೂರು, ಪಾಣೆಮಂಗಳೂರು, ಬಂಟ್ವಾಳಗಳ ಮಾರ್ಗವಾಗಿ ಆ ದಂಡು ಪಡುವಲಿಗೆ ಸಾಗಿತು. ನಮ್ಮ ಬಿ.ಸಿ.ರೋಡಿನಿಂದ ಹೊಳೆಯಾಚೆಗೆ ಕಾಣುವ ನಂದಾವರದ ಲಕ್ಷ್ಮಪ್ಪ ಬಂಗರಸನೂ ಅವರನ್ನು ಕೂಡಿಕೊಂಡನು. ಏಪ್ರಿಲ್ ೫ರಂದು ಮಂಗಳೂರು ಅವರ ವಶವಾಯಿತು. ಇಂದು ಬಾವುಟಗುಡ್ಡೆಯೆಂದು ಕರೆಯಲ್ಪಡುವ ಎತ್ತರದಲ್ಲಿ ಅವರ ಬಾವುಟವು ಹಾರಿತು. ಹದಿಮೂರು ದಿನಗಳ ಆಳಿಕೆ ಅದು. ಅಷ್ಟರಲ್ಲಿ ಕಣ್ಣಾನೂರಿನಿಂದ ಕಂಪನಿಯ ಸೇನೆ ಬಂದಿತು. ಅತ್ತ ಕೊಡಗಿನಲ್ಲಿ ಕಂಪನಿಯ ಪಕ್ಷವನ್ನು ಹಿಡಿದ ದಿವಾನರೂ ಅವರ ಜನರೂ ದಂಗೆಯನ್ನು ಅಡಗಿಸಿದರು. ಬಂಗರಸನನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಅಪ್ಪಯ್ಯ ಗೌಡನನ್ನು ಅಕ್ಟೋಬರ್ ೩೧ರಂದು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಿದರು. ಕೆಲವರನ್ನು ಸಮುದ್ರದಾಚೆಗೆ ಗಡಿಪಾರು ಮಾಡಿದರು.

ದಂಗೆಯನ್ನು ಅಡಗಿಸಲು ನೆರವಾದ ಕೊಡಗಿನವರಿಗೆ ಕಂಪನಿಯು ಭೂಮಿ, ಕುದುರೆ, ಹಣಗಳೊಡನೆ ಪದಕಗಳನ್ನೂ ಕೊಟ್ಟಿತು. ಪದಕಗಳ ಶಾಸ್ತ್ರವನ್ನು ಬಲ್ಲವರು ಅದನ್ನು ‘ಕೊಡಗಿನ ಪದಕ’ವೆಂದೇ ಕರೆಯುತ್ತಾರೆ. ಮುಖ್ಯರಾದವರಿಗೆ ಬಂಗಾರದ್ದು, ಉಳಿದವರಿಗೆ ಬೆಳ್ಳಿಯದು. ಅಗಲವು ಸುಮಾರು ೫೦ ಮಿಲಿಮೀಟರು. ಒಂದು ಮುಖದಲ್ಲಿ ಕೋವಿಯನ್ನು ಹಿಡಿದು ಕತ್ತಿಯನ್ನೆತ್ತಿ ನಿಂತಿರುವ ಕೊಡಗಿನ ವೀರನ ಚಿತ್ರ, ಅದರ ಸುತ್ತ ಕನ್ನಡ ಲಿಪಿಯ ಬರವಣಿಗೆ. ಇನ್ನೊಂದು ಮುಖದಲ್ಲಿ ಎಲೆಬಳ್ಳಿಯ ನಡುವೆ ಕೊಡಗಿನ ಆಯುಧಗಳು, ಅದರೊಡನೆ ಇಂಗ್ಲಿಷಿನ ಬರವಣಿಗೆ. ವಿಶೇಷವಾದ ನಡತೆಗಾಗಿಯೂ ಬ್ರಿಟಿಷ್ ಸರಕಾರಕ್ಕೆ ತೋರಿದ ನಿಷ್ಠೆಗಾಗಿಯೂ ಕೊಟ್ಟುದೆಂಬುದು ಅದರ ತಾತ್ಪರ್ಯ. ‘ಕೊಡಗು, ಏಪ್ರಿಲ್ ೧೮೩೭’ ಎಂದು ಸ್ಥಳಕಾಲಗಳನ್ನೂ ಹೇಳಿದೆ. ಕಂಪನಿಯು ಕನ್ನಡದಲ್ಲಿ ಅಕ್ಷರಗಳನ್ನು ಒತ್ತಿಸಿದುದು ಗಮನಿಸತಕ್ಕ ವಿಷಯ. ಪಡೆದವನಿಗೂ ಅವನ ನೆರೆಕರೆಯವರಿಗೂ ಅದನ್ನು ಓದಿ ತಿಳಿಯುವಂತಾಗಲಿ ಎಂಬುದಲ್ಲದೆ ಬೇರೆ ಕಾರಣವಿರಲಾರದು. ಅದೇ ವರ್ಷ ಗಲ್ಲಿಗೇರಿದವರ ಮಕ್ಕಳಿಗೂ ಆ ಲಿಪಿ ಅಪರಿಚಿತವಾಗಿರಲಿಲ್ಲ.

ಇಂತಹ ಪದಕವು ಕೈಗೆ ಬಂದರೆ ಅದು ನಿಜವಾದುದೇ ಎಂದು ತಿಳಿಯುವ ಬಗೆ ಹೇಗೆ? ಮೊದಲು ಅಚ್ಚನ್ನು ನೋಡಬೇಕು. ಟಂಕಸಾಲೆಯ ಉಕ್ಕಿನ ಅಚ್ಚಿನಿಂದ ಒತ್ತಿದ ಪದಕದಲ್ಲಿ ಅಕ್ಷರಗಳ ಅಂಚು ಚೂಪಾಗಿರುತ್ತದೆ. ಅದನ್ನು ಮಣ್ಣಿನಲ್ಲಿ ಒತ್ತಿ ಎರಕ ಹೊಯ್ದು ಮಾಡಿದ ನಕಲಿನಲ್ಲಿ ಅಂಚು ಮೊಂಡಾಗಿ, ಮೈಯಲ್ಲಿ ಸಣ್ಣ ಸಣ್ಣ ಗುಳಿಗಳು ಕಾಣುತ್ತವೆ. ಎರಕವು ಆರುವಾಗ ಲೋಹವು ಕುಗ್ಗುವುದರಿಂದ ನಕಲಿನ ಅಗಲವೂ ಕೂದಲೆಳೆಯಷ್ಟು ಕಡಮೆಯಾಗುತ್ತದೆ. ಬಳಿಕ ತೂಕವನ್ನೂ, ನೇತುಹಾಕುವ ಬಳೆಯನ್ನು ಬೆಸೆದ ರೀತಿಯನ್ನೂ ನೋಡಬೇಕು. ಕೊನೆಗೆ ಪಟ್ಟಿಯನ್ನು ನೋಡಬೇಕು. ಆದರೆ ಎಲ್ಲಕ್ಕಿಂತಲೂ ಮೊದಲು ಕಣ್ಣಿಗೆ ಬೀಳುವ ಪಟ್ಟಿಯ ಸಾಕ್ಷ್ಯವೇ ಎಲ್ಲಕ್ಕಿಂತ ದುರ್ಬಲವಾದುದು. ರೇಷ್ಮೆಯು ಬೆವರಿಗೂ ಹುಳುವಿಗೂ ಸಿಕ್ಕಿ ಜೀರ್ಣವಾಗುತ್ತದೆ. ಮಕ್ಕಳು ಹೊಸತನ್ನು ಕಟ್ಟುತ್ತಾರೆ. ಅಂಗಡಿಯವನು ಮಾರಾಟದ ಸೌಕರ್ಯಕ್ಕಾಗಿ ಮತ್ತೊಂದನ್ನು ಕಟ್ಟುತ್ತಾನೆ. ಕೊಡಗಿನ ಪದಕಕ್ಕೆ ಬಣ್ಣದ ಪಟ್ಟಿಯೇ ಇರಲಿಲ್ಲ. ಆ ಕಾಲದ ಕಂಪನಿಯ ಬೇರೆ ಪದಕಗಳಂತೆ ಅದನ್ನೂ ಹಳದಿಯ ಹುರಿಯಲ್ಲಿ ಕೋದು ಕೊರಳಲ್ಲಿ ಧರಿಸುತ್ತಿದ್ದರು. ಯಾವನಾದರೂ ಅಂತಹ ಪದಕವನ್ನು ಪಟ್ಟೆಪಟ್ಟೆಯ ರೇಷ್ಮೆಯಲ್ಲಿ ತೂಗಿಸಿ ತಂದರೆ, ಪದಕವು ಹೇಗೇ ಇರಲಿ, ಪಟ್ಟಿಯು ಆಮೇಲಿನದೆಂದು ತಿಳಿಯತಕ್ಕದ್ದು.

ಇದಕ್ಕೂ ಹಿಂದಿನ ಇನ್ನೊಂದು ಪದಕವು ಈ ಮಾತನ್ನು ಮತ್ತಷ್ಟು ಸ್ಪಷ್ಟಪಡಿಸುತ್ತದೆ. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದು ಟಿಪ್ಪು ಸುಲ್ತಾನನು ಮಡಿದ ನೆನಪಿಗೆ ಕಂಪನಿಯು ಪದಕವನ್ನು ಮಾಡಿಸಿತು. ಸಿಂಹವು ಹುಲಿಯನ್ನು ಕೆಡೆದಿರುವ ಚಿತ್ರ ಅದರಲ್ಲಿದೆ. ಅಚ್ಚು ಒಂದೇ ಬಗೆಯದಾದರೂ ಲೋಹವು ಪಡೆಯುವವನ ದರ್ಜೆಯನ್ನು ಅನುಸರಿಸಿತು. ಹಿರಿಯ ಸೇನಾಪತಿಗಳಿಗೆ ಬಂಗಾರ. ಅವರಿಂದ ಕೆಳಗೆ ಕ್ರಮವಾಗಿ ಬಂಗಾರದ ಮುಲಾಮಿನ ಬೆಳ್ಳಿ, ಬರಿಯ ಬೆಳ್ಳಿ, ಕಂಚು. ಸಾಮಾನ್ಯ ಸಿಪಾಯಿಗೆ ತವರ. ಕೋಟೆಯ ಒಡಕಿನಲ್ಲಿ ಗುಂಡು ಸಿಪಾಯಿಯ ಎದೆಗೂ ತಗಲಿತು, ದೊರೆಯ ಎದೆಗೂ ತಗಲಿತು. ಲೋಹವು ಮಾತ್ರ ಬೇರೆಯಾಯಿತು. ಗೊತ್ತಾದ ಪಟ್ಟಿಯನ್ನು ಕಂಪನಿಯು ಕೊಡದೆ ಇದ್ದುದರಿಂದ ಪಡೆದವರು ತಮತಮಗೆ ತೋರಿದಂತೆ ಕೊಂಡಿಯನ್ನು ಬೆಸೆಯಿಸಿ, ಮನಸ್ಸಿಗೆ ಬಂದ ಬಣ್ಣದ ಪಟ್ಟಿಯನ್ನು ಕಟ್ಟಿಕೊಂಡರು. ಇಲ್ಲಿ ಪದಕವು ಸರಕಾರದ್ದು, ಪಟ್ಟಿಯು ಖಾಸಗಿಯದು. ಅಧಿಕೃತ, ಅನಧಿಕೃತಗಳ ನಡುವಿನ ಗೆರೆಯು ಒಂದೇ ಎದೆಯ ಮೇಲೆ ಹೀಗೆ ಅಡ್ಡಹಾಯುತ್ತದೆ.

ಮತ್ತೊಂದು ಸೂಕ್ಷ್ಮವುಂಟು. ಕೊಡಗಿನ ಪದಕದ ಅಚ್ಚಿನಿಂದ ಕಂಚಿನ ಮಾದರಿಗಳೂ ಹುಟ್ಟಿವೆ. ಹಂಚಿಕೆಯಾದುದರ ಬಹುಕಾಲದ ಮೇಲೆ ಒತ್ತಿದವುಗಳೂ ಸಂಗ್ರಹಕಾರರಲ್ಲಿ ಕಾಣಬರುತ್ತವೆ. ಅಂತಹದರಲ್ಲಿ ವೀರನು ಅವನೇ, ಕನ್ನಡದ ಅಕ್ಷರಗಳೂ ಅವೇ. ಆದರೆ ಅದನ್ನು ಯಾರೂ ಯಾರ ಕೊರಳಿಗೂ ಹಾಕಲಿಲ್ಲ. ಹಾಗಾದರೆ ಅದು ನಿಜವೋ ಸುಳ್ಳೋ? ಅಚ್ಚಿನ ದೃಷ್ಟಿಯಿಂದ ನಿಜ. ದಾನದ ದೃಷ್ಟಿಯಿಂದ ನಿಜವಲ್ಲ. ಪದಕದ ನಿಜವು ಲೋಹದಲ್ಲಾಗಲಿ ಅಚ್ಚಿನಲ್ಲಾಗಲಿ ಇರದೆ, ಕೊಟ್ಟವನಿಗೂ ಪಡೆದವನಿಗೂ ನಡುವೆ ನಡೆದ ಒಂದು ಕ್ರಿಯೆಯಲ್ಲಿದೆಯೆಂಬುದು ಇದರಿಂದ ಸಿದ್ಧವಾಗುತ್ತದೆ. ಪರೀಕ್ಷಕನು ಎಷ್ಟೇ ನಿಪುಣನಾದರೂ ಅವನು ನಿಶ್ಚಯಿಸಬಲ್ಲದು ಇಷ್ಟೇ: ಇಂಥವನು ಇಂಥವನಿಗೆ ಇದನ್ನು ಕೊಟ್ಟನು. ಆ ಕೊಡುಗೆಯು ನ್ಯಾಯವಾದುದೇ ಎಂಬ ಪ್ರಶ್ನೆಯು ಅವನ ಭೂತಗನ್ನಡಿಗೆ ನಿಲುಕತಕ್ಕದ್ದಲ್ಲ.

ಜ್ಞಾನಕ್ಕೆ ಪ್ರಾಮಾಣ್ಯವು ಸ್ವತಃ ಇರುವುದೆಂದು ಮೀಮಾಂಸಕರೂ, ಅದು ಪರತಃ ಸಿದ್ಧವಾಗತಕ್ಕದ್ದೆಂದು ನೈಯಾಯಿಕರೂ ವಾದಿಸಿದುದು ಪ್ರಸಿದ್ಧವಾಗಿದೆ. ಆ ಗಹನವಾದ ವಾದವನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ. ಪದಕದ ಮಟ್ಟಿಗಂತೂ ಪ್ರಾಮಾಣ್ಯವು ಪರತಃ ಎಂಬುದು ನಿಶ್ಚಯ. ಅದು ಕೊಟ್ಟವನ ಮಾತಿನಿಂದ ಬರತಕ್ಕದ್ದು. ಮಾತು ಪ್ರಮಾಣವಾಗಬೇಕಾದರೆ ಅದನ್ನು ಆಡಿದವನು ಆಪ್ತನಾಗಿರಬೇಕು, ಅಂದರೆ ವಿಷಯವನ್ನು ಇದ್ದಂತೆ ಕಂಡವನೂ ಕಂಡಂತೆ ಹೇಳುವವನೂ ಆಗಿರಬೇಕು. ಧರ್ಮಶಾಸ್ತ್ರಕಾರರು ಇನ್ನೊಂದು ನಿಯಮವನ್ನೂ ಹೇಳಿರುವರು: ವ್ಯಾಜ್ಯದಲ್ಲಿ ಲಾಭನಷ್ಟದ ಸಂಬಂಧವುಳ್ಳವನನ್ನು ಸಾಕ್ಷಿಯಾಗಿ ಸ್ವೀಕರಿಸತಕ್ಕದ್ದಲ್ಲ. ಈಗ ೧೮೩೭ರ ಪದಕವನ್ನು ಈ ಒರೆಗೆ ಹಚ್ಚಿ ನೋಡೋಣ. ರೈತನಿಗೂ ಕಂಪನಿಗೂ ವ್ಯಾಜ್ಯ. ಅದರಲ್ಲಿ ಕಂಪನಿಯೇ ಪ್ರತಿವಾದಿ, ಕಂಪನಿಯೇ ನ್ಯಾಯಾಧೀಶ. ತನ್ನ ಪಕ್ಷವನ್ನು ಹಿಡಿದವನು ಸತ್ಪುರುಷನೆಂದು ಬೆಳ್ಳಿಯಲ್ಲಿ ಸಾಕ್ಷಿ ನುಡಿದುದೂ ಕಂಪನಿಯೇ. ಇಂತಹ ಸಾಕ್ಷ್ಯವನ್ನು ಊರಿನ ಪಂಚಾಯಿತಿಯ ಕಟ್ಟೆಯಲ್ಲಿಯೂ ಯಾರೂ ಒಪ್ಪಲಾರರು. ಆದುದರಿಂದ ಆ ಪದಕವು ಪಡೆದವನ ಯೋಗ್ಯತೆಗೆ ಪ್ರಮಾಣವಲ್ಲ. ಕೊಟ್ಟವನ ಅಭಿಪ್ರಾಯಕ್ಕೆ ಪ್ರಮಾಣ. ಆ ಏಪ್ರಿಲಿನಲ್ಲಿ ಕಂಪನಿಗೆ ಬೇಕಾಗಿದ್ದುದು ನಿಷ್ಠೆ ಎಂಬುದನ್ನು ಅದು ನಿಸ್ಸಂದೇಹವಾಗಿ ತಿಳಿಸುತ್ತದೆ. ಅಷ್ಟಕ್ಕೆ ಅದು ಸತ್ಯಸಾಕ್ಷಿ. ಅದಕ್ಕಿಂತ ಹೆಚ್ಚಿನದಕ್ಕೆ ಅಲ್ಲ.

ಇಲ್ಲಿ ಒಂದು ಆಕ್ಷೇಪವು ಬರುವುದು ಸಹಜ. ‘ನಿಷ್ಠೆಯು ಗುಣವಲ್ಲವೆ? ಉಂಡ ಅನ್ನಕ್ಕೆ ಎರಡು ಬಗೆಯದಿರುವುದು ನಮ್ಮ ನಾಡಿನ ವೀರಧರ್ಮವಲ್ಲವೆ? ಹಳಗನ್ನಡದ ಕವಿಗಳು ಜೋಳವಾಳಿಯೆಂದು ಕೊಂಡಾಡಿದುದು ಇದನ್ನೇ ಅಲ್ಲವೆ?’ ಎಂದು ಕೇಳಬಹುದು. ಆಕ್ಷೇಪವು ತಳ್ಳಿಹಾಕತಕ್ಕದ್ದಲ್ಲ. ಕಂಪನಿಯ ಪಕ್ಷದಲ್ಲಿ ನಿಂತವರೆಲ್ಲರೂ ಆಸೆಗೆ ಬಿದ್ದವರೆಂದು ಹೇಳುವುದು ಅನ್ಯಾಯ. ಅರಸೊತ್ತಿಗೆಯ ಕೊನೆಯ ದಿನಗಳ ಕ್ರೌರ್ಯವನ್ನು ಕಂಡವರು ಅವರಲ್ಲಿ ಇದ್ದರು. ಹೊಸ ಆಳಿಕೆಗೆ ಮಾತು ಕೊಟ್ಟವರು ಇದ್ದರು. ದಂಗೆಯಿಂದ ತಮ್ಮ ಊರು ಹಾಳಾದೀತೆಂದು ಅಂಜಿದವರೂ ಇದ್ದರು. ದಂಗೆಯನ್ನು ಕುರಿತು ‘ಕಲ್ಯಾಣಪ್ಪನ ಕಾಟಕಾಯಿ’ ಎಂಬ ನಿಂದೆಯ ಹೆಸರು ಜನರ ಬಾಯಲ್ಲಿಯೇ ಬಹುಕಾಲ ಉಳಿದುದನ್ನೂ ಮರೆಯಕೂಡದು. ಕಾಡಿನ ದಾರಿಯಲ್ಲಿ ಪ್ರಾಣವನ್ನು ಪಣವಿಟ್ಟು ಹೋದವನ ಧೈರ್ಯವು ಯಾರ ಕಡೆಯದಾದರೂ ಧೈರ್ಯವೇ.

ಆದರೂ ನಿಷ್ಠೆಯೆಂಬುದು ಕತ್ತಿಯ ಹರಿತದಂತೆ. ಹರಿತವು ಕತ್ತಿಗೆ ಗುಣವೇ. ಯಾವುದನ್ನು ಕಡಿಯಿತೆಂಬುದು ಬೇರೆ ವಿಚಾರ. ಮಹಾಭಾರತದ ರಂಗಮಂಟಪದಲ್ಲಿ ಕರ್ಣನಿಗೆ ದುರ್ಯೋಧನನು ಅಂಗರಾಜ್ಯದ ಪಟ್ಟವನ್ನು ಕಟ್ಟಿದುದನ್ನು ನೆನೆಯೋಣ. ಕೊಟ್ಟವನಿಗೆ ಅರ್ಜುನನ ಎದುರಾಳಿಯೊಬ್ಬನು ಬೇಕಾಗಿದ್ದನು. ಪಡೆದವನಿಗೆ ಬಿದ್ದ ಅವಮಾನದಿಂದ ಎದ್ದು ನಿಲ್ಲಬೇಕಾಗಿತ್ತು. ಆ ಪಟ್ಟದ ಋಣವನ್ನು ಕರ್ಣನು ಪ್ರಾಣಕೊಟ್ಟು ತೀರಿಸಿದನು. ಅವನ ಋಣಪ್ರಜ್ಞೆಗೆ ನಾವು ಇಂದಿಗೂ ತಲೆದೂಗುತ್ತೇವೆ. ಆದರೆ ಆ ತಲೆದೂಗುವಿಕೆಯಿಂದ ದುರ್ಯೋಧನನ ಪಕ್ಷವು ಧರ್ಮಪಕ್ಷವಾಗಲಿಲ್ಲ. ಅತ್ತ ವಿಭೀಷಣನು ಒಡಹುಟ್ಟಿದವನನ್ನೂ ಲಂಕೆಯ ಅನ್ನವನ್ನೂ ಬಿಟ್ಟು ನಡೆದನು. ಅವನನ್ನು ಧರ್ಮಾತ್ಮನೆಂದವರೂ ಉಂಟು, ಮನೆಮುರುಕನೆಂದವರೂ ಉಂಟು. ಹೀಗೆ ಪಡೆದವನ ಗುಣವನ್ನೂ ಕೊಟ್ಟವನ ಪಕ್ಷವನ್ನೂ ಬೇರೆಬೇರೆಯಾಗಿ ತೂಗುವ ಅಭ್ಯಾಸವು ನಮ್ಮ ಪುರಾಣೇತಿಹಾಸಗಳಲ್ಲಿದೆ. ಪದಕವಾದರೋ ಇವೆರಡನ್ನೂ ಒಂದೇ ಬಿಲ್ಲೆಯ ಎರಡು ಮೈಗಳಾಗಿ ಬೆಸೆದುಬಿಡುತ್ತದೆ. ಮೋಹವು ಹುಟ್ಟುವುದು ಆ ಬೆಸುಗೆಯಲ್ಲಿ.

ಈ ಮೋಹವು ನಮ್ಮ ನಾಡಿಗೆ ಮಾತ್ರ ಸೀಮಿತವಾದುದಲ್ಲ. ಕೊಡಗಿನ ಈ ವೃತ್ತಾಂತವನ್ನು ೧೮೫೫ರಲ್ಲಿ ಗ್ರಂಥರೂಪದಲ್ಲಿ ಬರೆದವನು ಜರ್ಮನ್ ದೇಶದ ಹರ್ಮನ್ ಮೋಗ್ಲಿಂಗ್. ಮಂಗಳೂರಿನ ಬಾಸೆಲ್ ಮಿಶನ್ನಿಗೆ ಬಂದು ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವೆಂಬ ಕನ್ನಡ ಪತ್ರಿಕೆಯನ್ನು ಹೊರಡಿಸಿದವನೂ ಅವನೇ. ಅವನಿಂದಲೂ ೧೮೯೪ರಲ್ಲಿ ಕನ್ನಡ ನಿಘಂಟನ್ನು ಪ್ರಕಟಿಸಿದ ಕಿಟ್ಟೆಲನಿಂದಲೂ ಜರ್ಮನರೆಂದರೆ ನಮ್ಮ ಕರಾವಳಿಯ ಓದುಬಲ್ಲವರಿಗೆ ಅಕ್ಷರವಂತರೆಂಬ ಭಾವನೆಯು ಬಂದಿದೆ, ಅದು ತಪ್ಪಲ್ಲ. ಆದರೆ ಅದೇ ದೇಶದ ಚಕ್ರಾಧಿಪತ್ಯವು ಆಫ್ರಿಕಾಖಂಡದಲ್ಲಿ ಮತ್ತೊಂದು ಮುಖವನ್ನು ತೋರಿಸಿತು. ಇಂದು ನಮೀಬಿಯಾ ಎನಿಸಿಕೊಳ್ಳುವ ನಾಡಿನಲ್ಲಿ ೧೯೦೪ರಲ್ಲಿ ಹೆರೆರೊ ಜನರು ತಮ್ಮ ಭೂಮಿಯನ್ನೂ ದನಗಳನ್ನೂ ಕಳೆದುಕೊಂಡು ಬಂಡೆದ್ದರು. ವಾಟರ್‌ಬರ್ಗಿನ ಕಾಳಗದ ತರುವಾಯ ಜರ್ಮನ್ ಸೇನೆಯು ಅವರನ್ನು ಹೆಂಗಸರು ಮಕ್ಕಳೊಡನೆ ಒಮಾಹೆಕೆ ಎಂಬ ನೀರಿಲ್ಲದ ಮರುಭೂಮಿಗೆ ಅಟ್ಟಿತು. ಅಕ್ಟೋಬರ್ ೨ರಂದು ಸೇನಾಪತಿಯಾದ ಫಾನ್ ಟ್ರೋಥನು ಹೆರೆರೊಗಳನ್ನು ಕಂಡಲ್ಲಿ ಗುಂಡಿಕ್ಕತಕ್ಕದ್ದೆಂದು ಆಜ್ಞೆಯನ್ನು ಹೊರಡಿಸಿದನು. ಬಾಯಾರಿಕೆಯಿಂದಲೂ ಗುಂಡಿನಿಂದಲೂ ಸೆರೆಶಿಬಿರಗಳಲ್ಲಿಯೂ ಹೆರೆರೊಗಳೂ ನಾಮಾ ಜನರೂ ಹತ್ತಾರು ಸಾವಿರ ಸಂಖ್ಯೆಯಲ್ಲಿ ಸತ್ತರು.

೧೯೦೭ರಲ್ಲಿ ಕೈಸರ್ ಎರಡನೆಯ ವಿಲ್ಹೆಲ್ಮನು ಆ ಯುದ್ಧಕ್ಕಾಗಿ ಪದಕವನ್ನು ಸ್ಥಾಪಿಸಿದನು. ಕಾದಿದವರಿಗೆ ಕಂಚು, ಕಾದದೆ ನೆರವಾದವರಿಗೆ ಉಕ್ಕು. ಭಾಗವಹಿಸಿದ ಕಾಳಗದ ಹೆಸರನ್ನು ಕೆತ್ತಿದ ಸಣ್ಣ ಲೋಹದ ಪಟ್ಟಿಗಳನ್ನು ರೇಷ್ಮೆಯ ಮೇಲೆ ಸೇರಿಸಿಕೊಳ್ಳುವ ಕ್ರಮವಿತ್ತು. ಅವುಗಳಲ್ಲಿ ಒಂದರ ಮೇಲಿದ್ದ ಹೆಸರು ‘ಒಮಾಹೆಕೆ’. ಒಂದು ಜನಾಂಗಕ್ಕೆ ಸಾವಿನ ಹೆಸರಾದುದು ಮತ್ತೊಬ್ಬರ ಎದೆಯ ಮೇಲೆ ಒಡವೆಯಾಯಿತು. ಅಚ್ಚು ಶುದ್ಧ, ಪಟ್ಟಿ ಶುದ್ಧ, ಆಜ್ಞಾಪತ್ರವೂ ಶುದ್ಧ. ಪರೀಕ್ಷಕನು ಅದರಲ್ಲಿ ಕೊರತೆಯೊಂದನ್ನೂ ಕಾಣಲಾರನು.

ಇನ್ನು ಅನಧಿಕೃತ ಪದಕಗಳ ಕಥೆ. ಮೊದಲನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಯು ೧೯೧೯ರ ವರ್ಸೇಲ್ಸ್ ಒಪ್ಪಂದದಿಂದ ತನ್ನ ವಸಾಹತುಗಳನ್ನೆಲ್ಲ ಕಳೆದುಕೊಂಡಿತು. ಅದೇ ವರ್ಷದ ಗಣರಾಜ್ಯದ ಸಂವಿಧಾನವು, ಸರಕಾರವು ಪದಕ ಬಿರುದುಗಳನ್ನು ಕೊಡಕೂಡದೆಂದು ವಿಧಿಸಿತು. ಆಗ ಹಳೆಯ ಯೋಧರ ಸಂಘಗಳೂ ಪದಕ ಮಾಡುವ ಕಾರಖಾನೆಗಳೂ ಆ ಬರಿದಾದ ಸ್ಥಳವನ್ನು ತುಂಬಿದುವು. ತಕ್ಕ ಹಣವನ್ನು ತೆತ್ತು ಅರ್ಜಿ ಸಲ್ಲಿಸಿದವನಿಗೆ ಪದಕವೂ ಯೋಗ್ಯತಾಪತ್ರವೂ ದೊರೆಯುತ್ತಿದ್ದುವು. ವಸಾಹತುಗಳಲ್ಲಿ ಕೆಲಸಮಾಡಿದವರಿಗಾಗಿ ಆನೆ, ತಾಳೆಮರಗಳ ಚಿತ್ರವುಳ್ಳ ಲಾಂಛನವೊಂದು ೧೯೨೨ರಲ್ಲಿ ಹುಟ್ಟಿತು. ಇಂತಹವುಗಳಲ್ಲಿ ಅನೇಕಕ್ಕೆ ಅಳಿದುಹೋದ ಚಕ್ರಾಧಿಪತ್ಯದ ಕಪ್ಪು ಬಿಳಿ ಕೆಂಪು ಬಣ್ಣಗಳ ಪಟ್ಟಿಯನ್ನೇ ಕಟ್ಟಿದರು. ಇಂದು ಸಂಗ್ರಹಕಾರರು ಇವುಗಳ ಹಿಂಬದಿಯ ಕಾರಖಾನೆಯ ಗುರುತನ್ನೂ ಪಟ್ಟಿಯ ನೇಯ್ಗೆಯನ್ನೂ ನೋಡಿ ವಿಂಗಡಿಸುತ್ತಾರೆ. ನಮ್ಮ ವಿಚಾರಕ್ಕೆ ಬೇಕಾದುದು ಆ ಪಟ್ಟಿಯ ತಾತ್ಪರ್ಯ: ರಾಜ್ಯವು ಹೋಯಿತು, ರಾಜ್ಯದ ಆಸೆಯು ಹೋಗಲಿಲ್ಲ. ಮುಂದೆ ಹಿಟ್ಲರನ ಸರಕಾರವು ಪದಕಗಳನ್ನು ಕೊಡುವ ಅಧಿಕಾರವನ್ನು ಮತ್ತೆ ರಾಜ್ಯಕ್ಕೆ ತೆಗೆದುಕೊಂಡು ಖಾಸಗಿ ಪದಕಗಳ ಧಾರಣೆಗೆ ಕಡಿವಾಣ ಹಾಕಿತು. ಹಾಗೆಂದು ಆ ಸರಕಾರದ ಅಧಿಕೃತ ಪದಕಗಳು ಧರ್ಮದೃಷ್ಟಿಯಿಂದ ಮೇಲಾದುವೆಂದು ಯಾರು ತಾನೆ ಹೇಳಿಯಾರು? ಅಧಿಕೃತವೆಂಬುದೂ ಅನಧಿಕೃತವೆಂಬುದೂ ಪದಕದ ಜಾತಕವನ್ನು ಹೇಳುತ್ತವೆ, ಅದರ ಶೀಲವನ್ನಲ್ಲ.

ಹಾಗಾದರೆ ಅರಸರ ಮುದ್ರೆಯಿಲ್ಲದೆ ಜನರು ತಾವಾಗಿ ಸಲ್ಲಿಸುವ ಗೌರವವೇ ನಿಜವಾದುದೆ? ನಮ್ಮ ತುಳುನಾಡಿನಲ್ಲಿ ಹಾಗೆನ್ನಲು ಬಲವಾದ ಆಧಾರವಿದೆ. ಪಡುಮಲೆಯ ಬಲ್ಲಾಳನು ಕೊಟ್ಟ ಮಾತಿಗೆ ತಪ್ಪಿದುದರಿಂದ ಊರನ್ನು ಬಿಟ್ಟು, ಎಣ್ಮೂರಿನಲ್ಲಿ ಕಾದಿ ಮಡಿದ ಕೋಟಿ ಚೆನ್ನಯರಿಗೆ ಯಾವ ಅರಸನೂ ಬಿಲ್ಲೆಯನ್ನು ಒತ್ತಿಸಲಿಲ್ಲ; ಅವರ ಗರಡಿಗಳು ಊರೂರಿನಲ್ಲಿವೆ. ೧೮೩೭ರ ದಂಗೆಯ ನಾಯಕನಾದ ಕಲ್ಯಾಣಸ್ವಾಮಿಯ ವಿಷಯವೂ ವಿಚಾರಾರ್ಹ. ಆ ಹೆಸರಿನಿಂದ ದಂಡನ್ನು ನಡೆಸಿದವನು ಹಾಲೇರಿ ಅರಸರ ಮನೆತನದವನೆಂದು ಹೇಳಿಕೊಳ್ಳುತ್ತಿದ್ದ ಕಲ್ಯಾಣಸ್ವಾಮಿಯಲ್ಲ. ಪುಟ್ಟಬಸಪ್ಪನೆಂಬವನು ಆ ಹೆಸರನ್ನು ಧರಿಸಿದ್ದನು. ಪರೀಕ್ಷಕರ ಮಾತಿನಲ್ಲಿ ಹೇಳುವುದಾದರೆ ಅವನು ನಕಲು. ಆದರೆ ಹೆಸರು ಎರವಲಿನದಾದರೂ ಗಲ್ಲಿನ ಹಗ್ಗಕ್ಕೆ ಒಡ್ಡಿದ ಕೊರಳು ಅವನ ಸ್ವಂತದ್ದಾಗಿತ್ತು.

ಆದರೂ ಜನರ ಗೌರವವೆಂದಮಾತ್ರಕ್ಕೆ ಪರೀಕ್ಷೆ ಬೇಡವೆಂದಲ್ಲ. ಒಂದು ಕಾಲದಲ್ಲಿ ‘ಕಾಟಕಾಯಿ’ ಎಂದು ಜರೆದ ನಾಲಗೆಯೇ ಮತ್ತೊಂದು ಕಾಲದಲ್ಲಿ ಜಯಕಾರವನ್ನೂ ಹೇಳಿತು. ೨೦೨೨ರ ನವೆಂಬರಿನಲ್ಲಿ ಅದೇ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡನ ಕಂಚಿನ ಪ್ರತಿಮೆಯು ಅನಾವರಣಗೊಂಡಿತು. ನೂರ ಎಂಬತ್ತೈದು ವರ್ಷಗಳ ಮೇಲೆ ಸಂದ ಈ ಮರ್ಯಾದೆಯು ಸಂತೋಷಕರವಾದುದೇ. ಆದರೆ ಕಂಪನಿಯ ಪದಕಕ್ಕೆ ನಾವು ಹಾಕಿದ ನಿಯಮವನ್ನು ನಮ್ಮ ಪ್ರತಿಮೆಗೆ ಮಾತ್ರ ಹಾಕದಿದ್ದರೆ ಅದು ವಿಚಾರವೆನಿಸದು. ಪ್ರತಿಮೆಯನ್ನು ನಿಲ್ಲಿಸಿದವರೂ ಒಂದು ಪಕ್ಷದವರೇ. ಆ ಹದಿಮೂರು ದಿನಗಳಲ್ಲಿ ಬೆಂಕಿಗೂ ಸುಲಿಗೆಗೂ ಸಿಕ್ಕಿ ನೊಂದವರಿದ್ದರೆ ಅವರ ಮಾತಿಗೂ ಸ್ಥಳವಿರಬೇಕು. ಗೌರವವು ಅದರಿಂದ ಕಡಮೆಯಾಗದು. ಕೇಳಬೇಕಾದುದನ್ನೆಲ್ಲ ಕೇಳಿ ಸಲ್ಲಿಸಿದ ಗೌರವವೆಂದು ಅದಕ್ಕೆ ಬೆಲೆ ಬಂದೀತು.

ಹೀಗಿರುವಲ್ಲಿ ನಂಬತಕ್ಕ ಸಾಕ್ಷಿಯು ಎಲ್ಲಿ ದೊರೆಯುತ್ತಾನೆ? ನನಗೆ ತೋರುವುದು ಇಷ್ಟು. ತನ್ನ ಲಾಭಕ್ಕಾಗಿ ನುಡಿದವನ ಮಾತು ದುರ್ಬಲವೆಂದಾದರೆ, ತನಗೆ ನಷ್ಟವಾಗುವುದೆಂದು ತಿಳಿದೂ ನುಡಿದವನ ಮಾತು ಪ್ರಬಲವಾಗಿರಬೇಕು. ೧೯೦೭ರಲ್ಲಿ ಜರ್ಮನ್ ರಾಜ್ಯವು ಒಮಾಹೆಕೆಯನ್ನು ವೀರಕಾರ್ಯವೆಂದು ಲೋಹದಲ್ಲಿ ಕೆತ್ತಿಸಿತು. ೨೦೨೧ರ ಮೇ ತಿಂಗಳಿನಲ್ಲಿ ಅದೇ ದೇಶದ ಸರಕಾರವು, ಅಂದು ನಡೆದುದು ಇಂದಿನ ದೃಷ್ಟಿಯಿಂದ ಜನಾಂಗಹತ್ಯೆಯೆಂದು ಒಪ್ಪಿಕೊಂಡಿತು. ಆ ಒಪ್ಪಿಗೆಯೂ ಅದರೊಡನೆ ಹೇಳಿದ ಧನಸಹಾಯವೂ ಸಾಲವೆಂದು ಹೆರೆರೊ, ನಾಮಾ ಜನರ ಮುಂದಾಳುಗಳಲ್ಲಿ ಅನೇಕರು ಹೇಳಿದರು. ಹೇಳುವ ಹಕ್ಕು ಅವರಿಗಿದೆ. ಆದರೂ ಈ ಎರಡು ಮಾತುಗಳಲ್ಲಿ ಆಪ್ತವಾಕ್ಯವು ಯಾವುದೆಂದು ಕೇಳಿದರೆ ಎರಡನೆಯದೆಂದೇ ಹೇಳಬೇಕು. ಮೊದಲನೆಯದನ್ನು ನುಡಿದವನಿಗೆ ಅದರಿಂದ ಕೀರ್ತಿ ಬಂದಿತು. ಎರಡನೆಯದನ್ನು ನುಡಿದವನಿಗೆ ತಲೆ ತಗ್ಗಿಸಬೇಕಾಯಿತು.

ರಾಜ್ಯಗಳಿಗೆ ಹೇಳಿದ ಈ ಮಾತು ಮನೆಗಳಿಗೂ ಅನ್ವಯಿಸುತ್ತದೆ. ನಮ್ಮ ಸೀಮೆಯ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಕಂಪನಿಯ ಕಾಲದವೂ, ಎರಡು ಮಹಾಯುದ್ಧಗಳ ಕಾಲದವೂ ಆದ ಪದಕಗಳು ಇರುವುದುಂಟು. ಅವುಗಳಿಗೆ ಎರಡು ತೆರನಾದ ಗತಿಯು ಒದಗುತ್ತಿದೆ. ಕೆಲವರು ಅಭಿಮಾನದಿಂದ ಅದನ್ನು ಉಜ್ಜಿ ಹೊಳೆಯಿಸಿ, ಹೊಸ ಪಟ್ಟಿಯನ್ನು ಕಟ್ಟಿ, ಗೋಡೆಗೆ ತೂಗುಹಾಕುತ್ತಾರೆ. ‘ಅಜ್ಜನವರಿಗೆ ಸರಕಾರವು ಕೊಟ್ಟುದು’ ಎಂಬಲ್ಲಿಗೆ ಕಥೆಯು ಮುಗಿಯುತ್ತದೆ. ಕೆಲವರು ನಾಚಿಕೆಯಿಂದ ಅದನ್ನು ಅಕ್ಕಸಾಲಿಗೆ ಕೊಟ್ಟು ಕರಗಿಸಿಬಿಡುತ್ತಾರೆ. ಮೊದಲನೆಯವರು ಪಕ್ಷಪಾತಿಯಾದ ಸಾಕ್ಷಿಯ ಮಾತನ್ನೇ ತೀರ್ಪೆಂದು ಭಾವಿಸಿದವರು. ಎರಡನೆಯವರು ತೀರ್ಪಿಗೆ ಅಂಜಿ ಸಾಕ್ಷಿಯನ್ನೇ ಇಲ್ಲವಾಗಿಸಿದವರು. ಇಬ್ಬರಿಂದಲೂ ಮುಂದಿನವರಿಗೆ ನಿಜವು ದೊರೆಯದೆ ಹೋಗುತ್ತದೆ.

ಉಚಿತವಾದ ಕ್ರಮವು ಬೇರೆಯಿದೆ. ಪದಕವನ್ನು ಉಜ್ಜತಕ್ಕದ್ದಲ್ಲ; ಉಜ್ಜಿದಷ್ಟೂ ಅಕ್ಷರಗಳು ಸವೆಯುತ್ತವೆ. ಜೀರ್ಣವಾದ ಹುರಿಯನ್ನೋ ಪಟ್ಟಿಯನ್ನೋ ಎಸೆಯತಕ್ಕದ್ದಲ್ಲ. ಹೊಸತನ್ನು ಕಟ್ಟಲೇಬೇಕಾದರೆ ಯಾವಾಗ ಕಟ್ಟಿದುದೆಂದು ಬರೆದಿಟ್ಟು, ಹಳೆಯದನ್ನೂ ಜೊತೆಗೆ ಇರಿಸತಕ್ಕದ್ದು. ಒಂದು ಹಾಳೆಯಲ್ಲಿ ಕೊಟ್ಟವರು ಯಾರು, ಪಡೆದವರು ಯಾರು, ಯಾವ ವರ್ಷ, ಯಾವ ಕಾರ್ಯಕ್ಕಾಗಿ ಎಂಬುದನ್ನು ತಿಳಿದಷ್ಟು ಬರೆಯಬೇಕು. ಅದರ ಕೆಳಗೆ, ಆ ಕಾರ್ಯವು ಯಾರ ಮೇಲೆ ನಡೆಯಿತು, ಅವರಿಗೆ ಏನಾಯಿತು ಎಂಬುದನ್ನೂ ಬರೆಯಬೇಕು. ಮನೆಯಲ್ಲಿ ಇಟ್ಟುಕೊಳ್ಳಲು ಅನುಕೂಲವಿಲ್ಲದವರಿಗೆ ವಸ್ತುಸಂಗ್ರಹಾಲಯಗಳಿವೆ. ನಮ್ಮ ಬಿ.ಸಿ.ರೋಡಿನ ಸಂಚಯಗಿರಿಯಲ್ಲಿಯೇ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ಸಂಗ್ರಹಾಲಯವಿದೆ. ಅಂತಹ ಸ್ಥಳಕ್ಕೆ ಕೊಡುವುದಾದರೂ ಹಾಳೆಯನ್ನು ಕೂಡಿಯೇ ಕೊಡಬೇಕು.

ಹಾಳೆಯ ಕೆಳಗಿನ ಆ ಎರಡು ಸಾಲುಗಳನ್ನು ಬರೆಯುವುದು ಸುಲಭವೆಂದು ನಾನು ಹೇಳಲಾರೆ. ಕೊಡಗಿನ ಪದಕವನ್ನು ಪಡೆದ ಮನೆಯವರು ಅದರ ಪಕ್ಕದಲ್ಲಿ ಬಿಕರ್ನಕಟ್ಟೆಯ ಹೆಸರನ್ನೂ ಮಡಿಕೇರಿಯ ಕೋಟೆಯ ಹೆಸರನ್ನೂ ಬರೆಯಬೇಕಾದರೆ ಕೈ ತಡೆದೀತು. ದಂಗೆಯವರ ಸಂತತಿಯವರಿಗೂ ತಮ್ಮವರು ಹೊತ್ತಿಸಿದ ಬೆಂಕಿಯನ್ನು ಬರೆಯುವಾಗ ಹಾಗೆಯೇ ಆದೀತು. ಆದರೆ ಆ ಬರವಣಿಗೆಯಿಂದ ಅಜ್ಜನ ಧೈರ್ಯವು ಸುಳ್ಳಾಗುವುದಿಲ್ಲ. ಅವನು ಕೈಕೊಂಡ ಪಕ್ಷದ ಪೂರ್ಣವಾದ ಲೆಕ್ಕವು ಮೊಮ್ಮಕ್ಕಳಿಗೆ ದೊರೆಯುತ್ತದೆ, ಅಷ್ಟೆ. ಕಂಪನಿಯ ಬೆಳ್ಳಿಗೆ ಇರದಿದ್ದ ಪ್ರಾಮಾಣ್ಯವು ಆ ಹಾಳೆಗೆ ಬರುತ್ತದೆ. ಏಕೆಂದರೆ ಅದನ್ನು ಬರೆದವನು ತನ್ನ ಮನೆಗೆ ವಿರುದ್ಧವಾದುದನ್ನೂ ಮರೆಮಾಡದೆ ಬರೆದಿರುವನು. ಪದಕವುಳ್ಳ ಮನೆಯವರು ಆ ಹಾಳೆಯನ್ನು ಮನೆಯ ಹಿರಿಯರಿರುವಾಗಲೇ ಅವರನ್ನು ಕೇಳಿ ಬರೆದಿಡುವುದು ಲೇಸು.